ದೋಣಿ ಕೊಟ್ಟವರ ಲೆಕ್ಕ: ಡಂಕರ್ಕ್‌ನ ಕಿರುನೌಕೆಗಳು

ಸರ್ಕಾರಕ್ಕೆ ತುರ್ತು ಒದಗಿದಾಗ ಅದರ ಕೈ ಮೊದಲು ಚಾಚುವುದು ಖಾಸಗಿಯವರ ಸೊತ್ತಿನ ಕಡೆಗೆ. ಚುನಾವಣೆ ಬಂದರೆ ಜೀಪು ಮತ್ತು ಬಸ್ಸು, ನೆರೆ ಬಂದರೆ ಲಾರಿ, ಟ್ರ್ಯಾಕ್ಟರ್ ಮತ್ತು ದೋಣಿ, ಯುದ್ಧ ಬಂದರೆ ಇವೆಲ್ಲವೂ. ವರ್ತಕರಿಗೂ ಕಿರು ಉದ್ಯಮಿಗಳಿಗೂ ಇದು ಹೊಸ ಸಂಗತಿಯಲ್ಲ. ಆದರೆ ಕೊಟ್ಟ ಸೊತ್ತಿಗೆ ಬಾಡಿಗೆ ಯಾರು ಕೊಡುತ್ತಾರೆ, ಕೆಟ್ಟರೆ ದುರಸ್ತಿ ಯಾರದು, ಮುಳುಗಿದರೆ ಬೆಲೆ ಯಾವ ದಿನದ್ದು, ಅದರೊಡನೆ ಹೋದ ಆಳು ಸತ್ತರೆ ಅವನ ಮನೆಯವರ ಗತಿಯೇನು ಎಂಬ ಪ್ರಶ್ನೆಗಳು ತುರ್ತಿನ ಹೊತ್ತಿನಲ್ಲಿ ಕೇಳಲು ಸಂಕೋಚ ಹುಟ್ಟಿಸುವಂಥವು. ಕೇಳಿದವನು ಸ್ವಾರ್ಥಿ ಎನಿಸಿಕೊಳ್ಳುತ್ತಾನೆ, ಕೇಳದವನು ನಷ್ಟಕ್ಕೆ ಗುರಿಯಾಗುತ್ತಾನೆ. ಈ ಪ್ರಶ್ನೆಗಳೆಲ್ಲ ಒಟ್ಟಾಗಿ ಎದ್ದುನಿಂತ ಒಂದು ಪ್ರಕರಣವನ್ನು ಇಲ್ಲಿ ಪರಿಶೀಲಿಸಲಾಗಿದೆ. ಅದು 1940ರ ಡಂಕರ್ಕ್ ತೆರವು ಕಾರ್ಯಾಚರಣೆಯದು.

1940ರ ಮೇ 14ರಂದು ಬ್ರಿಟನ್ನಿನ ಬಿಬಿಸಿ ರೇಡಿಯೋದಲ್ಲಿ ನೌಕಾಡಳಿತದ ಒಂದು ಆದೇಶ ಪ್ರಸಾರವಾಯಿತು. 30ರಿಂದ 100 ಅಡಿ ಉದ್ದದ, ಸ್ವಂತ ಎಂಜಿನ್ನಿನಿಂದ ಚಲಿಸುವ ವಿಹಾರದೋಣಿಗಳನ್ನು ಹೊಂದಿದವರು 14 ದಿನಗಳೊಳಗಾಗಿ ಅವುಗಳ ಎಲ್ಲ ವಿವರಗಳನ್ನು ಕಳುಹಿಸತಕ್ಕದ್ದು ಎಂಬುದು ಅದರ ಸಾರಾಂಶ. ಈ ಆದೇಶ ಡಂಕರ್ಕ್‌ಗಾಗಿ ಹೊರಟಿತೆಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಹಾಗಲ್ಲ. ಜರ್ಮನರು ಸಮುದ್ರದಲ್ಲಿ ಹುದುಗಿಸುತ್ತಿದ್ದ ಕಾಂತೀಯ ಸಿಡಿಗುಂಡುಗಳು ಉಕ್ಕಿನ ಹಡಗುಗಳಿಗೆ ಮಾರಕವಾಗಿದ್ದವು. ಅವನ್ನು ತೆಗೆಯಲು ಮರದ ಹಡಗುಗಳು ಬೇಕಾಗಿ ದೋಣಿ ಕಾರ್ಖಾನೆಗಳೆಲ್ಲ ಆ ಕೆಲಸದಲ್ಲಿ ಮುಳುಗಿದ್ದವು. ಬಂದರಿನ ಸಣ್ಣಪುಟ್ಟ ಕೆಲಸಗಳಿಗೆ ದೋಣಿಗಳೇ ಸಿಗದಂತಾಗಿತ್ತು. ಆ ಕೊರತೆ ತುಂಬಲು ಕೇಳಿದ ಪಟ್ಟಿ ಎರಡೇ ವಾರಗಳಲ್ಲಿ ಬೇರೊಂದು ಕಾರ್ಯಕ್ಕೆ ಒದಗಿತು. ದಾಸ್ತಾನಿನ ಪಟ್ಟಿಯನ್ನು ಸಕಾಲದಲ್ಲಿ ಮಾಡಿಟ್ಟಿರುವುದರ ಉಪಯೋಗ ಲೆಕ್ಕಪತ್ರ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಷ್ಟರಲ್ಲಿ ಯುದ್ಧದ ಸ್ಥಿತಿ ಕೈಮೀರಿತ್ತು. ಮೇ 10ರಂದು ಪಶ್ಚಿಮದತ್ತ ದಾಳಿಗಿಳಿದ ಜರ್ಮನ್ ಸೇನೆ ಮೇ 20ರ ಹೊತ್ತಿಗೆ ಕಡಲತೀರ ಮುಟ್ಟಿ, ಬ್ರಿಟಿಷ್ ಮತ್ತು ಫ್ರೆಂಚ್ ಸೇನೆಗಳ ದೊಡ್ಡ ಭಾಗವನ್ನು ಉತ್ತರ ಫ್ರಾನ್ಸಿನ ಮೂಲೆಯೊಂದರಲ್ಲಿ ಸುತ್ತುವರಿದಿತ್ತು. ಹೊರಬೀಳಲು ಉಳಿದಿದ್ದ ದಾರಿ ಡಂಕರ್ಕ್ ಬಂದರೊಂದೇ. ಅದರ ಧಕ್ಕೆಗಳು ಬಾಂಬಿಗೆ ಸಿಕ್ಕಿ ಧ್ವಂಸವಾಗಿದ್ದವು. ಡೋವರ್ ಕೋಟೆಯ ಕೆಳಗಿನ ಸುರಂಗಗಳಲ್ಲಿ ಕುಳಿತು ವೈಸ್ ಅಡ್ಮಿರಲ್ ಬರ್ಟ್ರಾಮ್ ರ‍್ಯಾಮ್ಸೆ ಈ ತೆರವಿನ ಹೊಣೆ ಹೊತ್ತರು. ಮೇ 26ರ ಸಂಜೆ ಆರಂಭವಾದ ಕಾರ್ಯಾಚರಣೆ ಜೂನ್ 4ರವರೆಗೆ ನಡೆಯಿತು.

ಡಂಕರ್ಕ್‌ನ ಪೂರ್ವಕ್ಕೆ ಮೈಲುಗಟ್ಟಲೆ ಮರಳ ದಂಡೆಯಿದೆ. ಅಲ್ಲಿ ಕಡಲು ಬಹು ದೂರದವರೆಗೆ ಆಳವಿಲ್ಲ. ದೊಡ್ಡ ಹಡಗು ದಡದ ಹತ್ತಿರ ಬರಲಾರದು. ಸೈನಿಕರು ಎದೆಮಟ್ಟದ ನೀರಿನಲ್ಲಿ ಸಾಲುಗಟ್ಟಿ ಗಂಟೆಗಟ್ಟಲೆ ನಿಲ್ಲಬೇಕಾಯಿತು. ಭೀಮಾತೀರದ ಮಣ್ಣೂರಿನವರಿಗೆ, ಅಫಜಲಪುರ ಮತ್ತು ಜೇವರ್ಗಿ ಭಾಗದ ನದೀತೀರದವರಿಗೆ ಈ ಸಂಕಟ ಸುಲಭವಾಗಿ ಅರ್ಥವಾದೀತು. ಹೊಳೆಯ ನಡುವೆ ಎಷ್ಟೇ ನೀರಿರಲಿ, ದಂಡೆಯ ಉಸುಕಿನಲ್ಲಿ ತೇಲುವುದು ತೆಪ್ಪವೇ ಹೊರತು ದೊಡ್ಡ ದೋಣಿಯಲ್ಲ. ಡಂಕರ್ಕ್‌ನಲ್ಲಿ ಸಣ್ಣ ದೋಣಿಗಳಿಗೆ ಬಂದ ಬೆಲೆ ಆ ಕಾರಣದಿಂದಲೇ.

ದೋಣಿಗಳನ್ನು ಕೂಡಿಸಿದ ಬಗೆಯೂ ಗಮನಾರ್ಹ. ಥೇಮ್ಸ್ ನದಿಯ ಟೆಡಿಂಗ್‌ಟನ್‌ನಲ್ಲಿ ಟಫ್ ಸಹೋದರರ ದೋಣಿ ಕಾರ್ಖಾನೆಯಿತ್ತು. ಡಗ್ಲಸ್ ಟಫ್ ಅವರಿಗೆ ನೌಕಾಡಳಿತದ ಪರವಾಗಿ ಅಧಿಕಾರ ವಹಿಸಲಾಯಿತು. ಅವರು ನದಿಯುದ್ದಕ್ಕೂ ಹುಡುಕಿ ನೂರಕ್ಕೂ ಹೆಚ್ಚು ದೋಣಿಗಳನ್ನು ಆರಿಸಿ ತಂದರು. ಹಾಸು, ಪಾತ್ರೆ ಮುಂತಾದ ಅನಗತ್ಯ ಸಾಮಾನುಗಳನ್ನು ಪ್ರತಿ ದೋಣಿಯಿಂದ ಇಳಿಸಿ, ಯಾವ ದೋಣಿಯದೆಂದು ಗುರುತು ಹಚ್ಚಿ ಕಾರ್ಖಾನೆಯಲ್ಲಿ ಕಾಯ್ದಿಡಲಾಯಿತು. ಶತ್ರು ಹೊಸ್ತಿಲಿಗೆ ಬಂದ ಹೊತ್ತಿನಲ್ಲಿಯೂ ಪರರ ಸೊತ್ತಿನ ಚೀಟಿ ಬರೆದಿಟ್ಟ ಈ ಶಿಸ್ತನ್ನು ಮೆಚ್ಚಲೇಬೇಕು. ಎಲ್ಲೆಡೆಯೂ ಹೀಗೆ ನಡೆಯಿತೆಂದಲ್ಲ. ಮಾಲೀಕರು ಸಿಗದ ಕಡೆ ಅವರಿಗೆ ತಿಳಿಸದೆಯೇ ದೋಣಿ ಒಯ್ದದ್ದುಂಟು. ಕೂಡಿಸಿದ ದೋಣಿಗಳು ಶಿಯರ್ನೆಸ್‌ಗೆ ಹೋಗಿ, ಅಲ್ಲಿ ಎಂಜಿನ್ ತಪಾಸಣೆಯಾಗಿ, ರ‍್ಯಾಮ್ಸ್‌ಗೇಟ್‌ನಿಂದ ಕಡಲಿಗಿಳಿದವು. ಡಂಕರ್ಕ್‌ಗೆ ಅತಿ ಹತ್ತಿರದ ಮಾರ್ಗ 39 ನಾಟಿಕಲ್ ಮೈಲು, ಅತಿ ದೂರದ್ದು 87. ಹತ್ತಿರದ ದಾರಿ ಜರ್ಮನ್ ಫಿರಂಗಿಗಳ ಗುರಿಗೆ ಸಿಕ್ಕುತ್ತಿತ್ತು.

ಅಂಕಿಗಳು ಹೇಳುವುದೇನು?

ಕಾರ್ಯಾಚರಣೆಯ ಪ್ರತಿದಿನದ ಲೆಕ್ಕ ಉಳಿದುಬಂದಿದೆ. ಮೇ 27ರಂದು ಪಾರಾದವರು ಕೇವಲ 7,669. ಮರುದಿನ 17,804, ಮೇ 29ರಂದು 47,310, 30ರಂದು 53,823, 31ರಂದು 68,014. ಜೂನ್ 1ರಂದು 64,429. ಹಗಲಿನ ವಿಮಾನದಾಳಿ ತಾಳಲಾರದೆ ರಾತ್ರಿಗೆ ಸೀಮಿತಗೊಳಿಸಿದ ನಂತರದ 3 ದಿನಗಳಲ್ಲಿ 26,256, 26,746 ಮತ್ತು 26,175. ಒಟ್ಟು 3,38,226. ಇವರಲ್ಲಿ ಬ್ರಿಟಿಷ್ ಸೇನೆಯವರು 1,98,229, ಮಿತ್ರರಾಷ್ಟ್ರಗಳವರು, ಹೆಚ್ಚಾಗಿ ಫ್ರೆಂಚರು, 1,39,997. ಆರಂಭದಲ್ಲಿ ನೌಕಾಡಳಿತ ಇಟ್ಟುಕೊಂಡಿದ್ದ ನಿರೀಕ್ಷೆ 45,000 ಮಂದಿಯದು.

ಇದೇ ಮೊತ್ತವನ್ನು ಬೇರೊಂದು ಬಗೆಯಲ್ಲಿ ವಿಂಗಡಿಸಿದರೆ ದಂತಕಥೆಗೆ ಪೆಟ್ಟು ಬೀಳುತ್ತದೆ. ಬಂದರಿನ ಅಲೆತಡೆಯ ಕಟ್ಟೆಯಿಂದ ನೇರವಾಗಿ ದೊಡ್ಡ ಹಡಗು ಹತ್ತಿದವರು 2,39,446. ಮರಳ ದಂಡೆಯಿಂದ ಪಾರಾದವರು 98,780, ಅಂದರೆ ನೂರಕ್ಕೆ 29. ಬಂದರಿಗಿಂತ ದಂಡೆಯ ಲೆಕ್ಕ ಮೇಲಾದದ್ದು ಮೇ 30ರ ಒಂದು ದಿನ ಮಾತ್ರ. ಆದ್ದರಿಂದ ಸೇನೆಯನ್ನು ಉಳಿಸಿದವರು ವಿಹಾರದೋಣಿಗಳ ಒಡೆಯರೇ ಎಂಬ ಮಾತು ಲೆಕ್ಕಕ್ಕೆ ನಿಲ್ಲದು. ಹೆಚ್ಚಿನವರನ್ನು ಹೊತ್ತದ್ದು ನೌಕಾಪಡೆಯ ಹಡಗುಗಳು ಮತ್ತು ಪ್ರಯಾಣಿಕ ಹಡಗುಗಳು. ಕಿರುನೌಕೆಗಳನ್ನು ನಡೆಸಿದವರಲ್ಲಿಯೂ ಬಹುಪಾಲು ನೌಕಾಪಡೆಯ ಸಿಬ್ಬಂದಿಯೇ.

ಹಾಗೆಂದು ಸಣ್ಣವರ ಪಾಲನ್ನು ತಳ್ಳಿಹಾಕಲು ಬರುವುದಿಲ್ಲ. ದಂಡೆಯಿಂದ ಜನರನ್ನು ಎತ್ತಿ, ದೂರದಲ್ಲಿ ನಿಂತ ಹಡಗಿಗೆ ಮುಟ್ಟಿಸಿ, ಮತ್ತೆ ದಂಡೆಗೆ ಮರಳುವುದು ಈ ದೋಣಿಗಳ ಮುಖ್ಯ ಕೆಲಸ. ಇಂಗ್ಲೆಂಡಿನಲ್ಲಿ ಇಳಿದವರನ್ನು ಎಣಿಸುವಾಗ ಸಂಖ್ಯೆ ಜಮೆಯಾದದ್ದು ದೊಡ್ಡ ಹಡಗಿನ ಹೆಸರಿಗೆ. ಅಡತಿ ಅಂಗಡಿಯ ವಹಿಯಲ್ಲಿ ವ್ಯಾಪಾರದ ಮೊತ್ತ ಕಾಣುತ್ತದೆ, ಚೀಲ ಹೊತ್ತ ಹಮಾಲರ ನಡಿಗೆಗಳ ಎಣಿಕೆ ಕಾಣುವುದಿಲ್ಲ. ಇಲ್ಲಿಯೂ ಹಾಗೆಯೇ ಆಯಿತು. ಲಂಡನ್ನಿನ ಬೆಂಕಿ ಆರಿಸುವ ದೋಣಿ ‘ಮ್ಯಾಸಿ ಶಾ’ ದಂಡೆಯಿಂದ ಹಡಗುಗಳಿಗೆ ಮುಟ್ಟಿಸಿದವರು ನೂರಾರು ಜನ. ರ‍್ಯಾಮ್ಸ್‌ಗೇಟ್‌ನ ಜೀವರಕ್ಷಕ ದೋಣಿ ಸುಮಾರು 2,800 ಮಂದಿಯನ್ನು ಹೀಗೆ ಹಡಗಿಗೆ ಹತ್ತಿಸಿತು. ಆ ದೋಣಿಯ ಹೆಸರು ‘ಪ್ರುಡೆನ್ಶಿಯಲ್’. ಅದನ್ನು ದಾನ ಮಾಡಿದ್ದು ಅದೇ ಹೆಸರಿನ ವಿಮಾ ಕಂಪನಿ.

ಸ್ವತಃ ದೋಣಿ ನಡೆಸಿಕೊಂಡು ಹೋದ ಮಾಲೀಕರೂ ಇದ್ದರು. ಟೈಟಾನಿಕ್ ಹಡಗಿನ ಬದುಕುಳಿದ ಅಧಿಕಾರಿ ಚಾರ್ಲ್ಸ್ ಲೈಟಾಲರ್ ಅವರಲ್ಲಿ ಪ್ರಸಿದ್ಧರು. ತಮ್ಮ ‘ಸನ್‌ಡೌನರ್’ ದೋಣಿಯನ್ನು ಪರರ ಕೈಗೆ ಒಪ್ಪಿಸಲು ಅವರು ಸಿದ್ಧರಿರಲಿಲ್ಲ. ಮಗ ಮತ್ತು ಒಬ್ಬ ತರುಣ ಸ್ಕೌಟ್‌ನೊಡನೆ ಜೂನ್ 1ರಂದು ತಾವೇ ಹೋಗಿ, 58 ಅಡಿಯ ಆ ದೋಣಿಯಲ್ಲಿ ಸುಮಾರು 130 ಸೈನಿಕರನ್ನು ತುಂಬಿ ತಂದರು. ಆಗ ಅವರ ವಯಸ್ಸು 66. ಲೀ ಆನ್ ಸೀ ಎಂಬ ಊರಿನ ಚಿಪ್ಪುಮೀನಿನ ಬೆಸ್ತರು 6 ದೋಣಿಗಳನ್ನು ಒಯ್ದರು. ಅವರಿಗೆ ದೋಣಿ ವಿನೋದದ ವಸ್ತುವಲ್ಲ, ಹೊಟ್ಟೆಪಾಡಿನ ಬಂಡವಾಳ. ಮರಳುವಾಗ ‘ರಿನೌನ್’ ದೋಣಿ ಸಿಡಿಗುಂಡಿಗೆ ತಾಗಿ, ಅದರಲ್ಲಿದ್ದ ನಾಲ್ವರೂ ಮಡಿದರು. ಇಡೀ ಕಾರ್ಯಾಚರಣೆಯಲ್ಲಿ ಪಾಲ್ಗೊಂಡ ಸುಮಾರು 860 ಹಡಗು ದೋಣಿಗಳಲ್ಲಿ 240ಕ್ಕೂ ಹೆಚ್ಚು ಮುಳುಗಿದವು. ಸೇನೆ ಫ್ರಾನ್ಸಿನಲ್ಲಿಯೇ ಬಿಟ್ಟುಬಂದ ವಾಹನಗಳು ಸುಮಾರು 64,000. ತೆರವುಗಳಿಂದ ಯುದ್ಧ ಗೆಲ್ಲುವುದಿಲ್ಲವೆಂದು ಪ್ರಧಾನಿ ಚರ್ಚಿಲ್ ಜೂನ್ 4ರಂದೇ ಸಂಸತ್ತಿನಲ್ಲಿ ಎಚ್ಚರಿಸಬೇಕಾಯಿತು.

ಭಾರತದಿಂದ ಹೋದ ಸೈನಿಕರೂ ಆ ದಂಡೆಯಲ್ಲಿದ್ದರೆಂಬುದು ನಮ್ಮಲ್ಲಿ ಕಡಿಮೆ ಜನರಿಗೆ ಗೊತ್ತು. ಹಿಮದಲ್ಲಿ ಮೋಟಾರು ಸಾಗದ ಕಡೆ ಸರಕು ಹೊರಲೆಂದು ಹೇಸರಗತ್ತೆಗಳೊಡನೆ ಬಂದ ತುಕಡಿಗಳು 1939ರ ಡಿಸೆಂಬರಿನಲ್ಲಿ ಮಾರ್ಸೇಲ್ಸ್‌ನಲ್ಲಿ ಇಳಿದಿದ್ದವು. ಅವರಲ್ಲಿ ಹಲವರು ಡಂಕರ್ಕ್‌ನಿಂದ ಪಾರಾದರು. ಪ್ರಾಣಿಗಳನ್ನು ಬಿಟ್ಟುಬರಬೇಕಾಯಿತು. ಒಂದು ತುಕಡಿ ಜರ್ಮನರ ಸೆರೆಯಾಯಿತು.

ಹೈಥ್ ಊರಿನವರ ಪ್ರಶ್ನೆ

ಡಂಕರ್ಕ್ ಕುರಿತ ಬರಹಗಳಲ್ಲಿ ಹಾರಿಸಿ ಮುಂದೆ ಹೋಗುವ ಒಂದು ಪ್ರಸಂಗವಿದೆ. ವ್ಯಾಪಾರೋದ್ಯಮಿಗಳು ನಿಂತು ನೋಡಬೇಕಾದದ್ದು ಅದನ್ನೇ. ಬ್ರಿಟನ್ನಿನ ಜೀವರಕ್ಷಕ ದೋಣಿಗಳ ಸಂಸ್ಥೆ ಸರ್ಕಾರದ್ದಲ್ಲ, ದಾನದ ಹಣದಿಂದ ನಡೆಯುವಂಥದ್ದು. ಅದರ 19 ದೋಣಿಗಳನ್ನು ನೌಕಾಪಡೆ ಕೇಳಿತು. ರ‍್ಯಾಮ್ಸ್‌ಗೇಟ್ ಮತ್ತು ಮಾರ್ಗೇಟ್ ಊರಿನವರು ಸ್ವತಃ ನೇರವಾಗಿ ಡಂಕರ್ಕ್‌ಗೆ ಹೋದರು. ಅವರ ನಾಯಕರಾದ ಹೋವರ್ಡ್ ನೈಟ್ ಮತ್ತು ಎಡ್ವರ್ಡ್ ಪಾರ್ಕರ್ ಅವರಿಗೆ ಪದಕಗಳು ಬಂದವು. ಹೈಥ್ ಊರಿನ ದೋಣಿಯ ನಾಯಕ ಬುಲರ್ ಗ್ರಿಗ್ಸ್ ಮಾತ್ರ ಡೋವರ್‌ನಲ್ಲಿ ನೌಕಾಧಿಕಾರಿಗಳ ಮುಂದೆ ಎರಡು ಮಾತು ಎತ್ತಿದರು. ಮೊದಲನೆಯದು ದೋಣಿಯ ವಿಚಾರ. ತಮ್ಮ ದೋಣಿ ಬಹಳ ಭಾರದ್ದು, ಅದನ್ನು ದಂಡೆಗೆ ಹತ್ತಿಸಿದರೆ ವಿಂಚ್ ಇಲ್ಲದೆ ಮತ್ತೆ ನೀರಿಗೆ ಇಳಿಸಲಾಗದು. ಎರಡನೆಯದು ಆಳುಗಳ ವಿಚಾರ. ಅವರು ಸತ್ತರೆ ಹೆಂಡತಿ ಮಕ್ಕಳಿಗೆ ಪಿಂಚಣಿ ಖಚಿತವೇ?

ಇವುಗಳಿಗೆ ತೃಪ್ತಿಕರ ಉತ್ತರ ಸಿಗಲಿಲ್ಲ. ಅವರು ಒಪ್ಪಲಿಲ್ಲ. ವಾಲ್ಮರ್ ಮತ್ತು ಡಂಜನೆಸ್ ಊರಿನವರೂ ಅವರ ಜೊತೆ ನಿಂತರು. ನೌಕಾಪಡೆ ಸಹನೆಗೆಟ್ಟು ದೋಣಿಗಳನ್ನು ವಶಕ್ಕೆ ತೆಗೆದುಕೊಂಡು ತನ್ನ ಜನರನ್ನು ಹತ್ತಿಸಿ ಕಳುಹಿಸಿತು. ಗ್ರಿಗ್ಸ್ ಸಂಸ್ಥೆಯ ಸೇವೆಯಿಂದ ವಜಾಗೊಂಡರು. ಆ 19 ದೋಣಿಗಳಲ್ಲಿ ಮರಳಿ ಬಾರದೆ ಹೋದದ್ದು ಒಂದೇ. ಅದು ಹೈಥ್‌ನ ‘ವೈಕೌಂಟೆಸ್ ವೇಕ್‌ಫೀಲ್ಡ್’. ಮರಳಿಗೆ ಹತ್ತಿಸಿದ ದೋಣಿ ಅಲ್ಲಿಯೇ ಉಳಿಯಿತು. ತಾಂತ್ರಿಕ ವಿಷಯದಲ್ಲಿ ಗ್ರಿಗ್ಸ್ ಹೇಳಿದ್ದೇ ನಡೆಯಿತು. ಪಿಂಚಣಿಯ ಪ್ರಶ್ನೆಯಲ್ಲಿಯೂ ಅವರು ಕೇಳಿದ್ದು ತಪ್ಪೆನ್ನಲು ಬಾರದು. ಅಂದು ಹೋದ ಇತರ ಸ್ವಯಂಸೇವಕರಿಗೆ ಟಿ 124 ಎಂಬ ನಮೂನೆಗೆ ಸಹಿ ಹಾಕಿಸಿ, ಒಂದು ತಿಂಗಳ ಮಟ್ಟಿಗೆ ನೌಕಾಪಡೆಯ ಸೇವೆಗೆ ಸೇರಿಸಿಕೊಳ್ಳಲಾಗುತ್ತಿತ್ತು. ಸೆರೆ ಸಿಕ್ಕಲ್ಲಿ ಸೈನಿಕರೆಂಬ ಸ್ಥಾನಮಾನ ಇರಬೇಕಾದದ್ದು ಅದರ ಒಂದು ಕಾರಣ. ಅಂದರೆ ಕಾಗದಪತ್ರದ ಮಹತ್ವ ಸರ್ಕಾರಕ್ಕೆ ಗೊತ್ತಿತ್ತು, ಹೈಥ್‌ನವರಿಗೆ ಉತ್ತರಿಸುವ ವ್ಯವಧಾನ ಇರಲಿಲ್ಲ.

ಸೊತ್ತಿನ ಪರಿಹಾರಕ್ಕೆ ಕಾನೂನು ಮೊದಲೇ ಸಿದ್ಧವಾಗಿತ್ತು. 1939ರ ರಕ್ಷಣಾ ಪರಿಹಾರ ಅಧಿನಿಯಮವು ವಶಪಡಿಸಿಕೊಂಡ ಹಡಗು ಮತ್ತು ವಾಹನಗಳಿಗೆ ಬಾಡಿಗೆ, ಹಾನಿಯಾದರೆ ದುರಸ್ತಿ, ಪೂರ್ಣ ನಾಶವಾದರೆ ಮೌಲ್ಯ ನೀಡುವ ವ್ಯವಸ್ಥೆ ಮಾಡಿತ್ತು. ಬಾಡಿಗೆಯನ್ನು ಲೆಕ್ಕ ಹಾಕುವಾಗ ತುರ್ತು ಪರಿಸ್ಥಿತಿಯಿಂದಾದ ಬೆಲೆಯೇರಿಕೆಯನ್ನು ಹಿಡಿಯುವಂತಿರಲಿಲ್ಲ. ಯುದ್ಧದ ಲಾಭ ಯಾರಿಗೂ ಬೇಡವೆಂಬ ತತ್ವ ಸರಿಯೇ. ಆದರೆ ಮುಳುಗಿದ ದೋಣಿಯ ಬದಲಿಗೆ ಹೊಸದನ್ನು ಕೊಳ್ಳಹೋದ ಬೆಸ್ತನಿಗೆ ಪೇಟೆಯ ಬೆಲೆ ಯುದ್ಧಕಾಲದ್ದೇ ಆಗಿರುತ್ತದೆ.

ನೆನಪಿನ ರಿಜಿಸ್ಟರು

ಯುದ್ಧ ಮುಗಿದ ಮೇಲೆ ಉಳಿದ ದೋಣಿಗಳು ತಂತಮ್ಮ ಹಳೆಯ ವೃತ್ತಿಗೆ ಮರಳಿದವು. ಕೆಲವು ಕೈ ಬದಲಾಯಿಸಿದವು, ಹೆಸರು ಬದಲಾಯಿಸಿದವು, ಕೆಲವು ಕೊಳೆತವು. 1965ರಲ್ಲಿ, 25ನೆಯ ವರ್ಷದ ಸ್ಮರಣೆಗೆಂದು, ‘ಲೊರಾಜ್’ ಎಂಬ ದೋಣಿಯ ಒಡೆಯರೂ ಪ್ರಸಿದ್ಧ ಪ್ರಸಾರಕರೂ ಆದ ರೇಮಂಡ್ ಬ್ಯಾಕ್ಸ್‌ಟರ್ ಅವರ ಪ್ರಯತ್ನದಿಂದ 40ಕ್ಕೂ ಹೆಚ್ಚು ದೋಣಿಗಳು ಮತ್ತೆ ಡಂಕರ್ಕ್‌ಗೆ ಹೋಗಿಬಂದವು. ಅದರ ಫಲವಾಗಿ ಡಂಕರ್ಕ್ ಕಿರುನೌಕೆಗಳ ಸಂಘ ಹುಟ್ಟಿತು. ಈ ಸಂಘದ ಕಟ್ಟಳೆ ವಿಶಿಷ್ಟವಾದದ್ದು. ಇಲ್ಲಿ ಅರ್ಹತೆ ದೋಣಿಯದು, ಮನುಷ್ಯನದಲ್ಲ. 1940ರಲ್ಲಿ ಅಲ್ಲಿದ್ದ ದೋಣಿಯನ್ನು ಕೊಂಡವನು ಸದಸ್ಯನಾಗಬಹುದು, ಅದನ್ನು ಮಾರಿದರೆ ಆ ಅರ್ಹತೆ ಕೊಂಡವನ ಜೊತೆ ಹೋಗುತ್ತದೆ. ಅರ್ಹ ದೋಣಿಗೆ ‘ಡಂಕರ್ಕ್ 1940’ ಎಂಬ ಹಿತ್ತಾಳೆ ಫಲಕ ಮತ್ತು ಸೇಂಟ್ ಜಾರ್ಜ್ ಶಿಲುಬೆಯ ಧ್ವಜ ಹಾರಿಸುವ ಹಕ್ಕು ಇದೆ.

ಅರ್ಹತೆಯನ್ನು ಸಾಬೀತುಪಡಿಸುವುದು ಸುಲಭವಲ್ಲ. ಅಂದಿನ ಅವಸರದಲ್ಲಿ ಬರೆದ ಪಟ್ಟಿಗಳು ಅಪೂರ್ಣ. ಒಂದೇ ಹೆಸರಿನ ದೋಣಿಗಳು ಹಲವು. ಹಳೆಯ ದೋಣಿ ಮಾರುವವನಿಗೆ ಡಂಕರ್ಕ್ ಎಂಬ ಹೆಸರು ಬೆಲೆ ತರುವುದರಿಂದ ಪುರಾವೆಯನ್ನು ಬಿಗಿಯಾಗಿ ನೋಡಬೇಕಾಗುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ಗುಡ್‌ವಿಲ್ ತೋರಿಸಿದವರನ್ನು ಲೆಕ್ಕಪರಿಶೋಧಕರು ಪ್ರಶ್ನಿಸುವುದು ಇದೇ ಕಾರಣಕ್ಕೆ.

ಕಾಪಾಡುವ ಖರ್ಚು ಬಹುತೇಕ ಮಾಲೀಕರದೇ. ಮರದ ದೋಣಿಯನ್ನು 80 ವರ್ಷ ತೇಲಿಸಿಡುವುದೆಂದರೆ ಪ್ರತಿವರ್ಷ ಹಲಗೆ, ಬಣ್ಣ, ಎಂಜಿನ್ನಿನ ವೆಚ್ಚ. ಇಷ್ಟಾಗಿ ಅದರಿಂದ ಆದಾಯ ಇಲ್ಲ. 7 ಬಾರಿ ಡಂಕರ್ಕ್‌ಗೆ ಹೋಗಿಬಂದು ಸುಮಾರು 7,000 ಮಂದಿಯನ್ನು ತಂದ 1924ರ ಹಬೆದೋಣಿ ‘ಮೆಡ್ವೇ ಕ್ವೀನ್’ ಒಂದು ಕಾಲಕ್ಕೆ ನೈಟ್‌ಕ್ಲಬ್ಬಾಗಿ, ಆನಂತರ ಪಾಳುಬಿದ್ದಿತ್ತು. ಸ್ವಯಂಸೇವಕರ ದೀರ್ಘ ಪ್ರಯತ್ನ ಮತ್ತು ಲಾಟರಿ ನಿಧಿಯ ನೆರವಿನಿಂದ ಬ್ರಿಸ್ಟಲ್‌ನಲ್ಲಿ ಅದರ ಒಡಲನ್ನು ಹೊಸದಾಗಿ ಕಟ್ಟಿ, 2013ರಲ್ಲಿ ಗಿಲ್ಲಿಂಗ್‌ಹ್ಯಾಮ್‌ಗೆ ತರಲಾಯಿತು. 15 ಅಡಿಗೂ ಕಡಿಮೆ ಉದ್ದದ ‘ಟ್ಯಾಮ್‌ಜೀನ್’ ಎಂಬ ಮೀನುದೋಣಿ ಲಂಡನ್ನಿನ ಯುದ್ಧ ವಸ್ತುಸಂಗ್ರಹಾಲಯ ಸೇರಿದೆ. ‘ರಿನೌನ್’ ದೋಣಿಯವರ ಸ್ಮಾರಕ ಅವರ ಊರಿನ ಚರ್ಚಿನ ಆವರಣದಲ್ಲಿದೆ. 5 ವರ್ಷಕ್ಕೊಮ್ಮೆ ಡಂಕರ್ಕ್‌ಗೆ ಯಾನ ಮಾಡುವ ವಾಡಿಕೆ ಬೆಳೆದುಬಂದಿದೆ. 2020ರದು ಕೋವಿಡ್ ಕಾರಣದಿಂದ ನಿಂತಿತು. 2025ರ ಮೇ ತಿಂಗಳಲ್ಲಿ ದೋಣಿಗಳು ರ‍್ಯಾಮ್ಸ್‌ಗೇಟ್‌ನಿಂದ ಮತ್ತೆ ಹೊರಟವು.

ನಮ್ಮ ಕಡೆ

ಭಾರತದಲ್ಲಿಯೂ ನಾಗರಿಕ ಹಡಗುಗಳು ಇಂಥ ಕಾರ್ಯಕ್ಕೆ ಒದಗಿವೆ. 2015ರ ಏಪ್ರಿಲ್‌ನಲ್ಲಿ ಯೆಮನ್ ಯುದ್ಧದಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ನೌಕಾಪಡೆ ಮತ್ತು ವಿಮಾನಗಳ ಜೊತೆಗೆ ಲಕ್ಷದ್ವೀಪದ ಪ್ರಯಾಣಿಕ ಹಡಗುಗಳಾದ ಕವರತ್ತಿ ಮತ್ತು ಕೋರಲ್ಸ್ ಸಹ ಕೊಚ್ಚಿಯಿಂದ ಹೋಗಿದ್ದವು. ಯುದ್ಧವಲ್ಲದಿದ್ದರೂ ಡಂಕರ್ಕ್‌ಗೆ ಹೆಚ್ಚು ಹತ್ತಿರದ ದೃಷ್ಟಾಂತ 2018ರ ಆಗಸ್ಟಿನ ಕೇರಳ ಪ್ರವಾಹ. ಕೊಲ್ಲಂ, ತಿರುವನಂತಪುರ ಕಡಲತೀರದ ಬೆಸ್ತರು ದೋಣಿಗಳನ್ನು ಲಾರಿಗಳಲ್ಲಿ ಹೇರಿ ಚೆಂಗನ್ನೂರಿನಂಥ ಒಳನಾಡಿನ ಊರುಗಳಿಗೆ ಒಯ್ದು ಸಾವಿರಾರು ಜನರನ್ನು ಕಾಪಾಡಿದರು. ಸರ್ಕಾರ ದೋಣಿಯೊಂದಕ್ಕೆ ದಿನಕ್ಕೆ 3,000 ರೂಪಾಯಿ ಮತ್ತು ಇಂಧನದ ವೆಚ್ಚ ಪ್ರಕಟಿಸಿತು. ಜೀವ ಉಳಿಸಿದ್ದಕ್ಕೆ ಹಣ ಬೇಡವೆಂದವರೂ ಅವರಲ್ಲಿದ್ದರು. ಅದು ಅವರ ದೊಡ್ಡತನ. ಆದರೆ ಕಲ್ಲು ಗೋಡೆಗಳಿಗೆ ತಾಗಿ ಸೀಳಿದ ದೋಣಿಯ ದುರಸ್ತಿ ಬೇರೆಯ ಮಾತು, ಅದನ್ನು ಬೇಡವೆನ್ನುವುದು ಬಡವನಿಗೆ ಸಾಧ್ಯವಿಲ್ಲ.

ಉಜನಿ ಜಲಾಶಯದ ನೀರು ಬಿಟ್ಟು ಭೀಮೆ ಉಕ್ಕಿದ 2020ರ ಅಕ್ಟೋಬರನ್ನು ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕಿನವರು ಮರೆತಿಲ್ಲ. ನದೀತೀರದ ಅನೇಕ ಗ್ರಾಮಗಳ ಜನರನ್ನು ತೆರವುಗೊಳಿಸಬೇಕಾಯಿತು. ಇಂಥ ಸಂದರ್ಭಕ್ಕೆ ಅನ್ವಯಿಸುವ ಕಾನೂನು 2005ರ ವಿಪತ್ತು ನಿರ್ವಹಣಾ ಅಧಿನಿಯಮ. ಅದರ 65ನೆಯ ಕಲಮಿನ ಮೇರೆಗೆ ಅಧಿಕಾರಿಗಳು ರಕ್ಷಣಾ ಕಾರ್ಯಕ್ಕಾಗಿ ಸಾಮಗ್ರಿ, ಕಟ್ಟಡ ಮತ್ತು ವಾಹನಗಳನ್ನು ಲಿಖಿತ ಆದೇಶದಿಂದ ತಾತ್ಕಾಲಿಕವಾಗಿ ವಶಕ್ಕೆ ಪಡೆಯಬಹುದು. 66ನೆಯ ಕಲಮಿನ ಮೇರೆಗೆ ವಾಹನದ ಪರಿಹಾರ ಆ ಪ್ರದೇಶದಲ್ಲಿ ಚಾಲ್ತಿಯಲ್ಲಿರುವ ಬಾಡಿಗೆ ದರವನ್ನು ಆಧರಿಸುತ್ತದೆ. ದರ ಒಪ್ಪಿಗೆಯಾಗದಿದ್ದರೆ ಮಾಲೀಕನು ನಿಗದಿತ ಅವಧಿಯೊಳಗೆ ಮಧ್ಯಸ್ಥಿಕೆಗೆ ಅರ್ಜಿ ಸಲ್ಲಿಸಬಹುದು. ಕಂತಿನ ಕರಾರಿನ ಮೇಲೆ ಕೊಂಡ ವಾಹನವಾದರೆ ಪರಿಹಾರವನ್ನು ಹಣಕಾಸು ಸಂಸ್ಥೆ ಮತ್ತು ವಾಹನವಿಟ್ಟುಕೊಂಡವರ ನಡುವೆ ಹಂಚುವ ನಿಯಮವೂ ಇದೆ. ಲಾರಿ, ಟ್ರ್ಯಾಕ್ಟರ್ ಸಾಲದಲ್ಲಿರುವವರು ಇದನ್ನು ನೆನಪಿಡಬೇಕು.

ಎಲ್ಲದಕ್ಕೂ ಆಧಾರ ಆ ಲಿಖಿತ ಆದೇಶ. ಬಾಯಿಮಾತಿನ ಮೇಲೆ ವಾಹನ ಕಳುಹಿಸಿದವರಿಗೆ ದಿನಾಂಕ, ವೇಳೆ, ಮೀಟರಿನ ಅಂಕಿ, ಇಂಧನದ ಪ್ರಮಾಣ, ಚಾಲಕನ ಹೆಸರು ಬರೆದ ಒಂದು ಚೀಟಿಯಾದರೂ ಕೈಯಲ್ಲಿರಬೇಕು. ವಿಮೆಯ ಪಾಲಿಸಿಯಲ್ಲಿ ಯುದ್ಧದ ಹಾನಿ ಸಾಮಾನ್ಯವಾಗಿ ಹೊರಗಿರುತ್ತದೆ, ಪ್ರವಾಹದ್ದು ಒಳಗಿದೆಯೇ, ವಾಹನ ಬೇರೆಯವರ ಸುಪರ್ದಿನಲ್ಲಿದ್ದಾಗಲೂ ಒಳಗಿರುತ್ತದೆಯೇ ಎಂಬುದನ್ನು ಮಳೆಗಾಲಕ್ಕೆ ಮುನ್ನ ಓದಿಕೊಳ್ಳುವುದು ಲೇಸು.

ಅಧಿನಿಯಮದಲ್ಲಿ ವಾಹನವೆಂದರೆ ಯಂತ್ರಬಲದಿಂದ ಚಲಿಸಲಿ, ಬೇರಾವುದರಿಂದ ಚಲಿಸಲಿ, ಸಾಗಣೆಗೆ ಬಳಸಬಹುದಾದ ಯಾವುದೇ ವಾಹನ. ಹುಟ್ಟು ಹಾಕುವ ದೋಣಿ, ಮೀನುಗಾರನ ತೆಪ್ಪ ಈ ಅರ್ಥದೊಳಗೆ ಬರುತ್ತವೆಂದು ವಾದಿಸಲು ಅವಕಾಶವಿದೆ. ಯಂತ್ರವಿಲ್ಲದ ದೋಣಿಗಳನ್ನು ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ನೋಂದಾಯಿಸಲು 2021ರ ಒಳನಾಡು ಹಡಗುಗಳ ಅಧಿನಿಯಮವು ಅವಕಾಶ ಕಲ್ಪಿಸಿದೆ. ನದೀತೀರದ ಗ್ರಾಮ ಪಂಚಾಯಿತಿಗಳು ತಮ್ಮ ದೋಣಿ ತೆಪ್ಪಗಳ ಪಟ್ಟಿಯನ್ನು, ಒಡೆಯರ ಹೆಸರಿನೊಡನೆ, ಮುಂದಿನ ಮಳೆಗಾಲದೊಳಗೆ ಬರೆದಿಟ್ಟುಕೊಂಡರೆ ತಹಶೀಲ್ದಾರರಿಗೂ ಕೆಲಸ ಹಗುರ, ತೆಪ್ಪದವರಿಗೂ ಬಾಡಿಗೆ ಕೇಳಲು ಒಂದು ಪುಟ ಸಿಕ್ಕೀತು.